ಕುಲಗೆಟ್ಟ ಮತ ಮೂವತ್ತೊಂಬತ್ತು

ವಾರ್ತೆ ಕೇಳಿಸದಿದ್ದರೆ ಮುದ್ದಮ್ಮನ ಹಸು ಹಾಲು ಇಳಿಸುವುದಿಲ್ಲ. ಬೆಳಗಿನ ಐದೂವರೆಗೆ ಕೊಟ್ಟಿಗೆಯ ಗೂಟಕ್ಕೆ ಮೊಬೈಲು ಸಿಕ್ಕಿಸಿ ಅವಳು ಕರೆಯಲು ಕೂರುತ್ತಾಳೆ. ಮೊಬೈಲಿನಲ್ಲಿ ಯಾರೋ ಯಾರದ್ದೋ ರಾಜೀನಾಮೆ ಕೇಳುತ್ತಿರುತ್ತಾರೆ, ಹಾಲು ಸದ್ದು ಮಾಡುತ್ತ ಪಾತ್ರೆಗೆ ಬೀಳುತ್ತಿರುತ್ತದೆ. ಜಾಹೀರಾತು ಬಂದರೆ ಹಸು ಕಾಲೆತ್ತುತ್ತದೆ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ಮುದ್ದಮ್ಮ, ಈಗ ನಲವತ್ತಾರು. ಯಾವ ಮಂತ್ರಿಗೆ ಯಾವ ಖಾತೆ ಎಂದು ಶಾಲೆಯ ಮೇಷ್ಟ್ರೂ ಅವಳನ್ನೇ ಕೇಳುತ್ತಾರೆ.

ದುದ್ದದಿಂದ ಬಸ್ಸಿನಲ್ಲಿ ಕಾಲು ಗಂಟೆ ಬಂದರೆ ನಮ್ಮೂರು. ಇಲ್ಲಿನ ಹಾಲಿನ ಸಂಘ ಪೂರ್ತಿ ಹೆಂಗಸರದ್ದು. ಡೈರಿಗೆ ಹಾಲು ಹಾಕಿದ ಮೇಲೆ ಎದುರಿನ ಬೇವಿನ ಕಟ್ಟೆಯ ಮೇಲೆ ಮೂವರು ಕೂರುತ್ತಾರೆ. ಕೆರೆಯಾಚೆಯ ಕಾಲೊನಿಯಿಂದ ಬರುವ ಮುದ್ದಮ್ಮ, ಹೊಳೆನರಸೀಪುರದ ಕಡೆಯಿಂದ ಇಲ್ಲಿನ ದೊಡ್ಡ ಮನೆಗೆ ಸೊಸೆಯಾಗಿ ಬಂದ ಜಯಲಕ್ಷ್ಮಮ್ಮ, ಎಪ್ಪತ್ತು ದಾಟಿದ ಸಣ್ಣಕ್ಕ. ಮುದ್ದಮ್ಮ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತರುತ್ತಾಳೆ. ಜಯಲಕ್ಷ್ಮಮ್ಮನ ಫ್ಲಾಸ್ಕಿನಲ್ಲಿ ಕಾಫಿ. ಅದು ಒಬ್ಬರಿಗಾಗುವಷ್ಟೇ ಇರುವುದರಿಂದ ಪ್ರತಿದಿನ ಬೈಟು, ಹೋಟೆಲಿನಲ್ಲಿ ಒಂದು ಕಾಫಿಯನ್ನು ಇಬ್ಬರಿಗೆ ಹಂಚುತ್ತಾರಲ್ಲ, ಹಾಗೆ. ಸಣ್ಣಕ್ಕ ಬರಿಗೈಯಲ್ಲಿ ಬಂದು ಎರಡೂ ಲೋಟದಿಂದ ಕುಡಿಯುತ್ತಾಳೆ.

ಮೂವರದ್ದೂ ಮೂರು ಪಕ್ಷ.

"ನಿಮ್ಮೋರು ಈ ಸಲ ಮುಳುಗುದ್ರು ಕಣಮ್ಮಿ," ಎನ್ನುತ್ತಾಳೆ ಸಣ್ಣಕ್ಕ.

"ಮುಳುಗುದ್ರೆ ಈಜ್ತೀವಿ. ನಿಮ್ಮೋರಂಗೆ ಇನ್ನೊಬ್ರ ದೋಣಿಗೆ ಅತ್ತಕೋಗಲ್ಲ," ಎನ್ನುತ್ತಾಳೆ ಮುದ್ದಮ್ಮ.

ಜಯಲಕ್ಷ್ಮಮ್ಮ ಕಾಫಿ ಆರುತ್ತದೆ ಎಂದು ಇಬ್ಬರ ಕೈಗೂ ಲೋಟ ತುರುಕುತ್ತಾಳೆ.

ಕಳೆದ ವರ್ಷ ಸಂಘದ ನಿರ್ದೇಶಕಿಯೊಬ್ಬರು ಅರಕಲಗೂಡಿಗೆ ಮನೆ ಬದಲಾಯಿಸಿದರು. ಆ ಒಂದು ಸ್ಥಾನಕ್ಕೆ, ಉಳಿದ ಒಂದು ವರ್ಷದ ಅವಧಿಗೆ, ಚುನಾವಣೆ ಬಂತು. ಮುದ್ದಮ್ಮ ಮೊದಲ ದಿನವೇ ನಾಮಪತ್ರ ಹಾಕಿದಳು. ಅವಳಿಗೆ ಬೇಕಾಗಿದ್ದುದು ಅರ್ಧ ಗಂಟೆ. ಡೈರಿ ಏಳಕ್ಕೆ ಸರಿಯಾಗಿ ಬಾಗಿಲು ಹಾಕುತ್ತದೆ. ಕಾಲೊನಿಗೆ ನೀರು ಬಿಡುವುದು ಆರಕ್ಕೆ. ನೀರು ಹಿಡಿದು, ಹಾಲು ಕರೆದು, ಕೆರೆ ಏರಿ ಸುತ್ತಿ ಓಡಿ ಬಂದರೂ ಅಲ್ಲಿಯ ಹೆಂಗಸರಿಗೆ ಎಷ್ಟೋ ದಿನ ಸಿಗುವುದು ಮುಚ್ಚಿದ ಬಾಗಿಲು. ಮುದ್ದಮ್ಮನ ಮನೆಯಲ್ಲಿ ಗಂಡ ಗುಂಡಯ್ಯ ನೀರು ಹಿಡಿಯುತ್ತಾನೆ, ಹಾಗಾಗಿ ಅವಳು ಹೊತ್ತಿಗೆ ಬರುತ್ತಾಳೆ. ಉಳಿದವರ ಗಂಡಂದಿರು ಅಷ್ಟು ಬೇಗ ಏಳುವವರಲ್ಲ.

ಕೊನೆಯ ದಿನ ಇನ್ನೊಂದು ನಾಮಪತ್ರ ಬಿತ್ತು. ಜಯಲಕ್ಷ್ಮಮ್ಮನದ್ದು. ಮಾರನೆಯ ಬೆಳಿಗ್ಗೆ ಅವಳು ಕಟ್ಟೆಗೆ ಬಂದಾಗ ಮುಖ ಎತ್ತಲಿಲ್ಲ.

"ಅಸುವಿನ ಇನ್ಸೂರೆನ್ಸು ಅಂದ್ರು ಕಣೆ ನಮ್ಮೋರು. ಓದ್ದೆ ಸೈನ್ ಆಕ್ಬುಟ್ಟೆ."

"ಸದ್ಯ, ಅಸೂನೇ ನಿಲ್ಲುಸ್ಲಿಲ್ವಲ್ಲ ನಿನ್ ಗಂಡ," ಎಂದಳು ಸಣ್ಣಕ್ಕ. "ಅದ್ಕೆ ನಿಂಗಿಂತ ನಾಕು ಓಟು ಜಾಸ್ತಿ ಬೀಳವು."

"ಇವತ್ತೇ ಓಗಿ ವಾಪಸ್ ತಗತೀನಿ ಮುದ್ದಮ್ಮ."

ಮುದ್ದಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ತಗಬ್ಯಾಡ ಜಯಕ್ಕ. ನೀನು ತಗಂಡ್ರೆ ನಾನು ಅವಿರೋಧ ಆಯ್ತೀನಿ. ಅವಿರೋಧ ಅಂದ್ರೆ ಯಾರೋ ಬುಟ್ಕೊಟ್ರು ಅಂತ. ಬುಟ್ಕೊಟ್ಟಿದ್ದ ಈಸ್ಕಂಡು ಈಸ್ಕಂಡು ಸಾಕಾಗದೆ. ಇದೊಂದ ಓಟಿನಾಗೆ ಗೆಲ್ಬೇಕು ನಾನು."

ಹೀಗೆ ಇಬ್ಬರೂ ಕಣದಲ್ಲಿ ಉಳಿದರು. ಪ್ರಚಾರಕ್ಕೆ ಹೊರಡುವಾಗ ಹೊಸ ತೊಂದರೆ ಎದುರಾಯಿತು. ಜಯಲಕ್ಷ್ಮಮ್ಮನಿಗೆ ಸ್ಕೂಟರ್ ಇದೆ, ಇನ್ನೊಬ್ಬರ ಮನೆ ಬಾಗಿಲಲ್ಲಿ ನಿಂತು ಓಟು ಕೊಡಿ ಎನ್ನಲು ಬಾಯಿಲ್ಲ. ಮುದ್ದಮ್ಮನಿಗೆ ಬಾಯಿದೆ, ಗಾಡಿಯಿಲ್ಲ. ಎರಡನೆಯ ದಿನದ ಹೊತ್ತಿಗೆ ಎದುರಾಳಿಗಳಿಬ್ಬರೂ ಒಂದೇ ಸ್ಕೂಟರಿನಲ್ಲಿದ್ದರು. ಟೀ ಅಂಗಡಿಯ ಮುಂದಿದ್ದ ಪುಟ್ಟರಾಜು, ಜಯಲಕ್ಷ್ಮಮ್ಮನ ಗಂಡ, ಲೋಟ ಕೆಳಗಿಟ್ಟು ಅಡ್ಡ ಬಂದ.

"ಯಾರ್ ಪರ ಓಯ್ತಾ ಇದೀಯೇ ನೀನು?"

"ಪೆಟ್ರೋಲ್ ನಂದು, ಮಾತು ಅವಳ್ದು," ಎಂದು ಜಯಲಕ್ಷ್ಮಮ್ಮ ಗಾಡಿ ನಿಲ್ಲಿಸದೆ ಹೋದಳು. ಹನ್ನೆರಡು ವರ್ಷದ ಗೆಳೆತನದಲ್ಲಿ ಅವಳು ಗಂಡನಿಗೆ ಹಾಗೆ ಉತ್ತರ ಕೊಟ್ಟಿದ್ದನ್ನು ಮುದ್ದಮ್ಮ ಕೇಳಿದ್ದು ಅದೇ ಮೊದಲು.

ನಮ್ಮ ಕಡೆ ಹೊಸ್ತಿಲು ದಾಟಿದವರನ್ನು ಕಾಫಿ ಕೊಡದೆ ಕಳಿಸುವ ಮನೆಯಿಲ್ಲ. ಮೇಲಿನ ಬೀದಿಯ ಮೊದಲ ಮನೆಯಲ್ಲಿ ಒಂದು ಸ್ಟೀಲ್ ಲೋಟ ಬಂತು, ಒಂದು ಪೇಪರ್ ಕಪ್ಪು ಬಂತು. ಯಾವುದು ಯಾರಿಗೆಂದು ಯಾರೂ ಹೇಳಬೇಕಾಗಿರಲಿಲ್ಲ. ಜಯಲಕ್ಷ್ಮಮ್ಮ ಕೈ ಚಾಚಿ ಪೇಪರ್ ಕಪ್ಪನ್ನೇ ತೆಗೆದುಕೊಂಡಳು. "ನಂಗೆ ಇದ್ರಲ್ಲೇ ರುಚಿ," ಎಂದಳು. ಮುದ್ದಮ್ಮ ಸ್ಟೀಲ್ ಲೋಟವನ್ನು ತುಟಿಗೆ ತಾಗಿಸಿಯೇ ಕುಡಿದಳು. ಸುದ್ದಿ ಸ್ಕೂಟರಿಗಿಂತ ಮುಂದೆ ಓಡಿರಬೇಕು. ಮುಂದಿನ ಮನೆಗಳಲ್ಲಿ ಎರಡೂ ಸ್ಟೀಲ್ ಲೋಟಗಳೇ ಬಂದವು.

ಪ್ರತಿ ಮನೆಯಲ್ಲೂ ಮುದ್ದಮ್ಮ ಅರ್ಧ ಗಂಟೆಯ ವಿಷಯ ಬಿಡಿಸಿ ಹೇಳಿದಳು. ಜಯಲಕ್ಷ್ಮಮ್ಮ ತಲೆದೂಗಿದಳು. ಏಳುವಾಗ ಮನೆಯವರು ಎಲೆಯಡಿಕೆ ಮುಂದಿಟ್ಟು ಹೇಳುತ್ತಿದ್ದುದು ಒಂದೇ ಮಾತು.

"ಇಬ್ರಿಗೂ ಆಕ್ತೀವಿ ಓಗ್ರವ್ವ."

ಅದು ಮರ್ಯಾದೆಯ ಮಾತೆಂದು ಇಬ್ಬರೂ ನಕ್ಕು ಎದ್ದು ಬಂದರು. ತಿದ್ದಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಶಾಲೆಯ ಕೋಣೆಯಲ್ಲಿ ಮತದಾನ ನಡೆಯಿತು. ಚೀಟಿಯಲ್ಲಿ ಜಯಲಕ್ಷ್ಮಮ್ಮನಿಗೆ ತೆಂಗಿನಮರ, ಮುದ್ದಮ್ಮನಿಗೆ ಕೊಡೆ. ಎಂಬತ್ತನಾಲ್ಕು ಸದಸ್ಯೆಯರೂ ಬಂದರು. ಕೆಲವರು ಮದುವೆಗೆ ಹೋಗುವ ಸೀರೆಯುಟ್ಟಿದ್ದರು. ಮಧ್ಯಾಹ್ನ ಹಾಸನದಿಂದ ಬಂದಿದ್ದ ಚುನಾವಣಾಧಿಕಾರಿ ಎಣಿಸಿ ಮುಗಿಸಿ, ಕನ್ನಡಕ ಸರಿಮಾಡಿಕೊಂಡು ಓದಿದರು.

"ಜಯಲಕ್ಷ್ಮಮ್ಮ, ಇಪ್ಪತ್ತಮೂರು. ಮುದ್ದಮ್ಮ, ಇಪ್ಪತ್ತೆರಡು. ಕುಲಗೆಟ್ಟ ಮತ, ಮೂವತ್ತೊಂಬತ್ತು."

ಪುಟ್ಟರಾಜು ಒಬ್ಬನೇ ಚಪ್ಪಾಳೆ ತಟ್ಟಿ, ಸುತ್ತ ನೋಡಿ ನಿಲ್ಲಿಸಿದ. ಹಿಂದಿನ ಬೆಂಚಿನಿಂದ ಸಣ್ಣಕ್ಕ ಎದ್ದಳು.

"ಕುಲ ಕೆಟ್ಟಿದ್ದು ಯಾರ್ದು ಸಾ?"

"ಎರಡೂ ಚಿತ್ರಕ್ಕೆ ಒತ್ತಿರೋ ಚೀಟಿ ಅಜ್ಜಿ. ಅದಕ್ಕೆ ಹಾಗಂತಾರೆ. ಲೆಕ್ಕಕ್ಕೆ ಬರಲ್ಲ."

"ಅಂಗಾದ್ರೆ ನಂದೂ ಕೆಡ್ತು ಬುಡಿ. ಎಪ್ಪತ್ತೆರಡು ವರ್ಸ ಕಾಪಾಡ್ಕಂಡು ಬಂದಿದ್ದೆ."

ಮೊದಲು ಕಾಲೊನಿಯ ಹೆಂಗಸರು ನಕ್ಕರು. ಆಮೇಲೆ ಮೇಲಿನ ಬೀದಿಯವರು ಸೆರಗು ಬಾಯಿಗೆ ಇಟ್ಟುಕೊಂಡರು. ನಿಮಿಷದಲ್ಲಿ ಕೋಣೆ ಪೂರ್ತಿ ನಗುತ್ತಿತ್ತು, ಮುದ್ದಮ್ಮನೊಬ್ಬಳನ್ನು ಬಿಟ್ಟು. ಅವಳು ಮೇಜಿನ ಹತ್ತಿರ ಹೋಗಿ ಆ ಚೀಟಿಗಳನ್ನು ತೋರಿಸಿ ಎಂದಳು. ಅಧಿಕಾರಿ ಹರಡಿದರು. ಮೂವತ್ತೊಂಬತ್ತರಲ್ಲೂ ತೆಂಗಿನಮರಕ್ಕೊಂದು, ಕೊಡೆಗೊಂದು ಮುದ್ರೆ. ಎಲೆಯಲ್ಲಿ ಇಬ್ಬರಿಗೆ ಒಬ್ಬಟ್ಟು ಬಡಿಸಿದ ಹಾಗೆ, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲ. ಅವಳು ಬಹಳ ಹೊತ್ತು ನೋಡಿದಳು.

"ನಾನು ಓಟಿನಾಗೇ ಸೋತಿದ್ದು, ಅಲ್ವಾ ಸಾ?"

"ಹೌದಮ್ಮ, ಓಟಿನಲ್ಲೇ. ಒಂದೇ ಓಟು."

"ಸರಿ ಬುಡಿ," ಎಂದಳು. ಆಗ ಅವಳ ಮುಖದಲ್ಲೂ ಸಣ್ಣಗೆ ನಗು ಬಂತು.

ಮಾರನೆಯ ಬೆಳಿಗ್ಗೆ ಕಟ್ಟೆಗೆ ಹೆಂಗಸರು ಒಬ್ಬೊಬ್ಬರಾಗಿ ಬಂದು ತಪ್ಪೊಪ್ಪಿಕೊಂಡರು. ಇಬ್ಬರೂ ಬಂದಿದ್ದಿರಿ, ಒಬ್ಬರಿಗೆ ಹೇಗೆ ಹಾಕೋದು ಎಂಬುದು ಎಲ್ಲರ ಅಳಲು. ಮುದ್ದಮ್ಮ ಮೇಷ್ಟ್ರ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಓಟು ಬೈಟು ಅಲ್ಲ ಕಣ್ರವ್ವ. ಕಾಫಿ ಅಂಚುದ್ರೆ ಇಬ್ರಿಗೂ ಅರ್ಧರ್ಧ. ಓಟು ಅಂಚುದ್ರೆ ಇಬ್ರಿಗೂ ಸೊನ್ನೆ."

ಹತ್ತು ದಿನದ ಮೇಲೆ ನಿರ್ದೇಶಕಿ ಜಯಲಕ್ಷ್ಮಮ್ಮನ ಮೊದಲ ಸಭೆ. ಅವಳು ಆಡಿದ್ದು ಒಂದೇ ವಿಷಯ, ಅರ್ಧ ಗಂಟೆ. ಒಪ್ಪಿಗೆಯಾಯಿತು. ಸಂಘದ ಕಾರ್ಯದರ್ಶಿ ಭವ್ಯಶ್ರೀ ಬಾಗಿಲ ಮೇಲಿನ ಏಳನ್ನು ಅಳಿಸಿ ಏಳೂವರೆ ಎಂದು ಬರೆದಳು. ಮರುದಿನ ಕಾಲೊನಿಯ ಹೆಂಗಸರು ಕೆರೆ ಏರಿಯ ಮೇಲೆ ಓಡದೆ ನಡೆದು ಬಂದರು. ಮಾತಾಡುತ್ತ ಬರುವಷ್ಟು ಉಸಿರು ಅವರಲ್ಲಿತ್ತು. ನೀರಿನ ಮೇಲೆ ಬಿಸಿಲು ಹಬ್ಬುತ್ತಿತ್ತು. ಅವರನ್ನು ನೋಡುತ್ತ ಮುದ್ದಮ್ಮನ ಕಣ್ಣು ತುಂಬಿತು, ಮರುಕ್ಷಣವೇ ಸಿಟ್ಟೂ ಬಂತು.

"ನನ್ ಇಸ್ಯೂನೇ ಎತ್ಕಂಡ್ಬುಟ್ಟಲ್ಲ ಜಯಕ್ಕ. ಮುಂದಿನ್ ವರ್ಸ ಏನಂತ ಓಟು ಕೇಳ್ಲಿ ನಾನು?"

"ಮುಂದಿನ್ ಸಲ ನಾನು ನಿಲ್ಲಕಿಲ್ಲ ಕಣೆ."

"ನಿಲ್ಬೇಕು. ಸ್ಕೂಟರ್ ಮಾತ್ರ ಬ್ಯಾಡ, ನಾನು ನಡ್ಕಂಡೇ ಓಯ್ತೀನಿ. ಕಾಫೀನೂ ಕುಡಿಯಾಕಿಲ್ಲ."

"ಕಾಫಿ ಕುಡೀದೋಳ್ಗೆ ಯಾವಳಮ್ಮಿ ಓಟು ಆಕ್ತಾಳೆ?" ಎಂದಳು ಸಣ್ಣಕ್ಕ.

ಮುದ್ದಮ್ಮ ಯೋಚಿಸಿದಳು. "ಒಬ್ರಿಗೇ ಅಂತ ಬಾಯ್ಬುಟ್ಟು ಏಳಿದ್ ಮನೇಲಿ ಕುಡೀತೀನಿ."

ಎರಡು ದಿನದ ನಂತರ ಡೈರಿಯ ಸಾಲಿನಲ್ಲಿ ಅವಳು ಹಾಲು ಸುರಿದು ಅಲ್ಲೇ ನಿಂತಳು. ಕೊಬ್ಬು ಅಳೆದು ಹಾಲಿನ ದರ ಗೊತ್ತುಮಾಡುವ ಯಂತ್ರದ ಮುಖ ಭವ್ಯಶ್ರೀಯ ಕಡೆಗಿತ್ತು. ಹಾಲು ತಂದವರಿಗೆ ಕಾಣುವುದು ಅದರ ಬೆನ್ನು ಮಾತ್ರ.

"ಇದ ಈ ಕಡೆ ತಿರುಗ್ಸವ್ವ. ನಮ್ ಆಲಿನ ನಂಬರು ನಾವೂ ನೋಡ್ಬೇಕು."

ಸಾಲು ನಿಂತಿತು. ಹಿಂದಿದ್ದವರು ಕತ್ತು ಚಾಚಿ ಯಂತ್ರವನ್ನು ನೋಡಿದರು, ಇಷ್ಟು ವರ್ಷ ಅದು ಅಲ್ಲಿರಲೇ ಇಲ್ಲವೇನೋ ಎಂಬಂತೆ. ಮೂವರ ಹಿಂದೆ ಕ್ಯಾನು ಹಿಡಿದು ನಿಂತಿದ್ದ ಜಯಲಕ್ಷ್ಮಮ್ಮ ಮುಂದೆ ಬಾಗಿದಳು.

"ಮುಂದಿನ್ ಮೀಟಿಂಗ್‌ನಾಗೆ ಎತ್ತಲಾ ಮುದ್ದಮ್ಮ?"

"ಎತ್ತಬ್ಯಾಡ," ಎಂದಳು ಮುದ್ದಮ್ಮ. "ಇದು ನಂದು."