ಅಪ್ಪನ ಗಾಡಿಯ ಗೆಜ್ಜೆಸರ

ಎಂಬತ್ತರ ದಶಕದ ಕೊನೆಯ ಒಂದು ಸೀಗೆ ಹುಣ್ಣಿಮೆ. ಅದರ ಹಿಂದಿನ ದಿನ ಮನೆ ಎಂದಿನಂತೆಯೇ ಇತ್ತು. ಮರುದಿನ ಹೊಲಕ್ಕೆ ಒಯ್ಯಲು ಅವ್ವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಗಾಡಿ ಹೂಡಿಕೊಂಡು ಬೆಣ್ಣಿಹಳ್ಳದ ಆಚೆಯ ಹೊಲಕ್ಕೆ ಹೋಗಿದ್ದ. ರಜೆಗೆ ಬಂದ ತಮ್ಮ ಕಟ್ಟೆಯ ಮೇಲೆ ಕುಳಿತು ನನಗೆ ತನ್ನ ಕೆಲಸ ವಿವರಿಸುತ್ತಿದ್ದ. ಅವನು ದೂರದ ಊರಿನ ಪ್ರಯೋಗಾಲಯವೊಂದರಲ್ಲಿ ರಾಡಾರ್ ವಿಭಾಗದ ಸಹಾಯಕ.

ರಾಡಾರ್ ಕಳಿಸಿದ ಅಲೆ ವಿಮಾನಕ್ಕೆ ಬಡಿದು ತಿರುಗಿ ಬರುತ್ತದಂತೆ. ವಿಮಾನ ಹೊರಳಿದಂತೆ ಆ ಮಾರ್ದನಿಯೂ ಬದಲಾಗುತ್ತದೆ. ಅದಕ್ಕೇ ಒಂದೊಂದು ಬಗೆಯ ವಿಮಾನದ ನೂರಾರು ಮಾರ್ದನಿಗಳನ್ನು ಮೊದಲು ಕೂಡಿಹಾಕುತ್ತಾರೆ. ಹೊಸದೊಂದು ಬಂದಾಗ ಅದು ಯಾವ ಗುಂಪಿನದಾಗಿರುವ ಸಂಭವ ಹೆಚ್ಚು ಎಂದು ಯಂತ್ರವೇ ಲೆಕ್ಕ ಹಾಕಬೇಕು.

"ಇದಕ್ಕ ಮಿಷನ್ ಯಾಕ ಬೇಕೋ? ಗೆಜ್ಜಿಸರ ಕೇಳಿ ಯಾರ ಗಾಡಿ ಅಂತ ನಾವು ಒಳಗ ಕುಂತ ಹೇಳ್ತೀವಿ," ಎಂದೆ.

"ಅದೂ ಹಂಗ ಅಕ್ಕಾ. ಆದ್ರ ಯಾವುದಕ್ಕೂ ಹೊಂದಲಿಲ್ಲಂದ್ರ ಗೊತ್ತಿಲ್ಲ ಅಂತ ಬಿಡೂದನ್ನೂ ಅದಕ್ಕ ಕಲಿಸ್ಬೇಕು."

"ಗೊತ್ತಿಲ್ಲ ಅನ್ನೂದ ಕಲಿಸಾಕ ನಿನಗ ಪಗಾರ ಕೊಡ್ತಾರ?" ಎಂದೆ. ಒಳಗಿನಿಂದ ಅವ್ವನೂ ನಕ್ಕಳು.

ಹೊತ್ತು ಮುಳುಗುವಾಗ ಕುಂದಗೋಳದ ಕಡೆ ಮಿಂಚತೊಡಗಿತು. ಆ ಕಡೆ ಮಳೆಯಾದರೆ ನಮ್ಮಲ್ಲಿ ಹನಿ ಬೀಳದಿದ್ದರೂ ಹಳ್ಳ ಒಮ್ಮೆಲೇ ಏರುತ್ತದೆ. ಆಚೆ ದಂಡೆಯಲ್ಲೇ ನಿಲ್ಲೆಂದು ಅಪ್ಪನಿಗೆ ಕೂಗಿ ಹೇಳಲು ತಮ್ಮ ಬ್ಯಾಟರಿ ಹಿಡಿದು ಎದ್ದ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಗೆಜ್ಜೆಸರ ಕೇಳಿತು.

"ಅಪ್ಪ ಬಂದ ನೋಡು. ಕುಂದ್ರು."

ತಮ್ಮ ಕಿವಿಗೊಟ್ಟ. "ಗೆಜ್ಜಿ ನಮ್ಮವ ಅದಾವು. ನಡಿಗಿ ನಮ್ಮ ಎತ್ತಿಂದಲ್ಲ ಅನಸ್ತೈತಿ."

"ನಿನ್ನ ಮಿಷನ್ ಬುದ್ಧಿ ಇಲ್ಲಿ ಬ್ಯಾಡ," ಎಂದು ಅವನ ಕೈಯಿಂದ ಬ್ಯಾಟರಿ ಇಸಿದುಕೊಂಡೆ. ಅಪ್ಪನಿಗೆ ಕಾಲು ತೊಳೆಯಲು ನೀರು ತುಂಬಿಟ್ಟೆ. ಗಾಡಿ ಬಾಗಿಲಿಗೆ ಬರಲಿಲ್ಲ. ಹಿಂದಿನ ದಾರಿಯಿಂದ ಕೊಟ್ಟಿಗೆಗೆ ಹೋಗಿರಬೇಕು ಎಂದುಕೊಂಡೆ. ಎಷ್ಟೋ ಹೊತ್ತಿನ ಮೇಲೆ ಹೋಗಿ ನೋಡಿದರೆ ಕೊಟ್ಟಿಗೆ ಬರಿದಾಗಿತ್ತು.

ಬಂದದ್ದು ಬಾಜು ಮನೆಯ ಕಾಕಾನ ಗಾಡಿ. ಅವನ ಹೊಸ ಎತ್ತುಗಳಿಗೆ ಹಬ್ಬಕ್ಕೆ ಗೆಜ್ಜೆಸರ ಇರಲಿಲ್ಲ. ಮುಂಜಾನೆ ದಾರಿಯಲ್ಲಿ ಸಿಕ್ಕಾಗ ಅಪ್ಪ ನಮ್ಮವನ್ನೇ ಬಿಚ್ಚಿ ಕೊಟ್ಟಿದ್ದ. ನಾವು ಓಡಿ ಹೋಗುವಷ್ಟರಲ್ಲಿ ಹಳ್ಳ ದಂಡೆ ಮೀರಿತ್ತು.

ಮರುದಿನ ಕಾಕಾ ಗೆಜ್ಜೆಸರ ತಂದು ಕಟ್ಟೆಯ ಮೇಲಿಟ್ಟು, "ನಾ ಕೇಳಬಾರದಿತ್ತವ್ವಾ," ಎಂದು ಅತ್ತ. ತಪ್ಪು ಅವನದಾಗಿರಲಿಲ್ಲ. ಗೊತ್ತಿಲ್ಲ ಎಂದು ನಾನು ಅಂದಿದ್ದರೆ ತಮ್ಮ ಹಳ್ಳಕ್ಕೆ ಹೋಗುತ್ತಿದ್ದ. ಅವನು ಆ ಸಂಜೆಯ ಮಾತನ್ನು ಎಂದೂ ಎತ್ತಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎತ್ತುಗಳು ಹಳ್ಳದ ಕೆಳಗಿನ ಊರಿನ ಬಳಿ ಸಿಕ್ಕವು. ಗಾಡಿಯ ನೊಗ ಸಿಕ್ಕಿತು. ಅಪ್ಪ ಇನ್ನೂ ಸಿಕ್ಕಿಲ್ಲ.