ಚಾಚಿಯ ತಗಡು ಕತ್ತರಿ

ಮೊನ್ನೆ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಕಲಾಯಿ ಹಾಕುವವನೊಬ್ಬ ಒಲೆ ಹೂಡಿಕೊಂಡು ಕೂತಿದ್ದ. ಕಾದ ಪಾತ್ರೆಯೊಳಗೆ ನವಸಾಗರದ ಪುಡಿ ಎರಚಿದ. ಬಿಳಿ ಹೊಗೆ ಮೂಗಿಗೆ ಬಡಿಯಿತು, ಗಂಟಲು ಕೆರೆಯಿತು, ಅದರ ಬೆನ್ನಿಗೇ ಸಿಟ್ಟು ಬಂತು. ತೀರಿಹೋದವರು ನೆನಪಾದರೆ ಮಂದಿಗೆ ಕಣ್ಣೀರು ಬರುತ್ತದಂತೆ. ನನಗೆ ಚಾಚಿ ನೆನಪಾದಾಗಲೆಲ್ಲ ಬರುವುದು ಸಿಟ್ಟೇ. ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ನಯವಾಗಿ ಬರೆಯುವುದು ನನ್ನಿಂದಾಗದು.

ನಾನು ಶಹಾಪುರದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದಾಗ ಚಾಚಿ ನನ್ನ ಪಕ್ಕದ ಮನೆಯವಳು. ಓಣಿಯ ಮಕ್ಕಳಂತೆ ನಾನೂ ಅವಳನ್ನು ಚಾಚಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ. ಗಂಡ ತಗಡಿನ ಡಬ್ಬಿ, ಲಾಟೀನು ಮಾಡುತ್ತಿದ್ದವ. ಚಿಕ್ಕ ವಯಸ್ಸಿಗೇ ಹೋದ. ಉಳಿದದ್ದು ಮನೆಯ ಮುಂದಿನ ಅಂಗಡಿ, ಅವನಿಂದ ಕಲಿತ ತಗಡಿನ ಕೆಲಸ, ಒಬ್ಬ ಮೈದುನ. ಆ ಮೈದುನ ಲಾರಿ ಡ್ರೈವರ್. ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡು ಮನೆ ಸೇರಿದ. ಅವನ ಹಳೆಯ ಮಾಲೀಕ, ಹೈದರಾಬಾದಿನ ಸೇಠನಿಗೆ ಹಿಂದಿನ ಕಾಲದ ಆಟಿಕೆ ಲಾರಿಗಳ ಹುಚ್ಚು. ಹಿಂದಿನ ಫಾಟಕ ಮುರಿದುಹೋಗಿದ್ದ ಒಂದು ಲಾರಿಯನ್ನು ಇವನ ಕೈಗೆ ಕೊಟ್ಟು, ನಿಮ್ಮಲ್ಲಿ ತಗಡಿನ ಕೆಲಸ ಗೊತ್ತಲ್ಲ, ಮಾಡಿಸಿಕೊಡು ಅಂದನಂತೆ. ಚಾಚಿ ಎಣ್ಣೆ ಡಬ್ಬಿಯೊಂದನ್ನು ಕತ್ತರಿಸಿ ಫಾಟಕ ಮಾಡಿದಳು. ಕೀಲಿಟ್ಟು ತೆರೆದು ಮುಚ್ಚುವ ಹಾಗೂ ಮಾಡಿದಳು.

ಅಲ್ಲಿಂದ ಶುರುವಾಯಿತು. ಪುಣೆ, ಸೊಲ್ಲಾಪುರ, ಹೈದರಾಬಾದಿನಿಂದ ಪಾರ್ಸೆಲ್ಲುಗಳು ಬಂದವು. ಬಂಪರ್ ಇಲ್ಲದವು, ಬಾನೆಟ್ ಜಜ್ಜಿಹೋದವು, ಒಂದೇ ಮಡ್‌ಗಾರ್ಡ್ ಉಳಿದವು. ಅಂಗಡಿಗೂ ಮನೆಗೂ ನಡುವೆ ಒಂದು ಪರದೆ. ಪರದೆಯಾಚೆ ಮೈದುನ ಕುರ್ಚಿ ಹಾಕಿಕೊಂಡು ಗಿರಾಕಿಗಳ ಜೊತೆ ಮಾತಾಡುತ್ತಿದ್ದ. ಈಚೆ ಚಾಚಿ ಕಾಲು ನೀಡಿ ಕೂತು ಕೆಲಸ ಮಾಡುತ್ತಿದ್ದಳು. ಉಳಿದಿರುವ ಮಡ್‌ಗಾರ್ಡಿನ ಮೇಲೆ ಚಪಾತಿಗೆ ನಾದಿದಂಥ ಗೋಧಿ ಹಿಟ್ಟು ಒತ್ತಿ ಅಚ್ಚು ತೆಗೆಯುವಳು. ಹುಣಸೆ ಕೊರಡಿನ ಮೇಲೆ ತಗಡಿಟ್ಟು ಆ ಅಚ್ಚಿಗೆ ಹೋಲಿಸುತ್ತ ಬಡಿಯುವಳು. ಬಾಯಿ ಸುಮ್ಮನಿರುತ್ತಿರಲಿಲ್ಲ. "ಯಾವ ಹಾಳಾದವ ಇದನ್ನ ತುಳದಾನ ನೋಡ್ರಿ ಅಕ್ಕೋರ, ಅವನ ಕಾಲಾಗ ಮುಳ್ಳು ಮುರೀಲಿ" ಎಂದು ಎಂದೂ ಕಾಣದವರನ್ನು ಬೈಯುವಳು. ಬಣ್ಣ ನನ್ನ ಪಾಲಿಗೆ ಬಂತು. ಭಾನುವಾರಗಳೆಲ್ಲ ಹಾಗೇ ಕಳೆದವು... ಅಷ್ಟು ನಕ್ಕ ದಿನಗಳು ನನಗೆ ಮತ್ತೆ ಬರಲಿಲ್ಲ.

ಚಾಚಿ ರೊಡ್ಡಿ. ಎಡಗೈಯವಳು. ಚಿಕ್ಕಂದಿನಲ್ಲಿ ಅದಕ್ಕಾಗಿ ತವರಿನಲ್ಲಿ ಬರೆ ತಿಂದಿದ್ದಳಂತೆ. ಹಾಗಾಗಿ ಮಂದಿಯೆದುರು ಎಲ್ಲವೂ ಬಲಗೈಯಲ್ಲಿ, ಉಣ್ಣುವುದೂ, ಬಡಿಸುವುದೂ. ತಗಡು ಮುಟ್ಟಿದಾಗ ಮಾತ್ರ ಎಡಗೈ ಹೊರಗೆ ಬರುತ್ತಿತ್ತು. ಸಾದಾ ಕತ್ತರಿ ಎಡಗೈಗೆ ಒಗ್ಗುವುದಿಲ್ಲ. ಅದಕ್ಕೇ ಅವಳು ಸುರಪುರದ ಕಮ್ಮಾರನೊಬ್ಬನ ಮುಂದೆ ಕೂತು, ಅಲಗುಗಳನ್ನು ತಿರುವುಮುರುವು ಇಡಿಸಿ ಒಂದು ಕತ್ತರಿ ಮಾಡಿಸಿಕೊಂಡಿದ್ದಳು. ಅದು ಅವಳ ಕೈಯಲ್ಲಿ ಬೆಣ್ಣೆ ಕೊಯ್ದಂತೆ ತಗಡು ಕೊಯ್ಯುತ್ತಿತ್ತು.

ಕೆಲಸ ಇವಳದು, ಹೆಸರು ಅವನದು. ಊರೆಲ್ಲ ಅವನನ್ನು ಉಸ್ತಾದ್ ಅನ್ನತೊಡಗಿತು. ನಾನು ಜಗಳ ತೆಗೆದೆ. ಚಾಚಿ ನವಸಾಗರದ ಹೊಗೆಯ ನಡುವೆ ಬೆಸುಗೆ ಹಾಕುತ್ತಲೇ ಹೇಳಿದಳು: "ಅವನ ಕಾಲು ಹೋಗ್ಯಾದ್ರಿ ಅಕ್ಕೋರ. ಚಾ ಹೋಟೆಲ್‌ನ್ಯಾಗ ಕುಂತು ಹೇಳ್ಕೊಳ್ಳಾಕ ಅವಗೂ ಏನರ ಒಂದು ಬೇಕಲ್ಲ. ಹೆಸರು ಅವನೇ ಇಟ್ಕೊಳ್ಳಲಿ. ಕೆಲಸ ನನ್ನ ಕೈಯಾಗ ಅದ."

ಆಗ ಜಗಳ ಬಿಟ್ಟೆ. ಆದರೆ ಬೇರೆಯವರ ಅಂಗಿ ಬಹಳ ದಿನ ತೊಟ್ಟವನಿಗೆ ಅದು ತನ್ನದೇ ಅನಿಸುತ್ತದೆ. ಯಾರೋ ಬಂದು ಮೊಬೈಲಿನಲ್ಲಿ ಅವನ ವಿಡಿಯೋ ಮಾಡಿಕೊಂಡು ಹೋದರು. ಅದರಲ್ಲಿ ಚಾಚಿಯ ಕತ್ತರಿಯನ್ನು ಬಲಗೈಯಲ್ಲಿ ಹಿಡಿದು, ಮೊದಲೇ ಕತ್ತರಿಸಿಟ್ಟ ತಗಡಿನ ಮೇಲೆ ಆಡಿಸುತ್ತಾನೆ. ಚಾಚಿ ಅದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ನಗು ಬರಲಿಲ್ಲ.

ಆಮೇಲೆ ಊರಿನವರು ಅವನಿಗೆ ಸನ್ಮಾನ ಇಟ್ಟುಕೊಂಡರು. ಆ ದಿನ ಬೆಳಿಗ್ಗೆ ಚಾಚಿ ಮೈದುನನಿಗೆ ನನ್ನೆದುರೇ ಹೇಳಿದಳು: "ಒಂದೇ ಮಾತು ಹೇಳು. ಮನ್ಯಾಗ ಭಾಭಿನೂ ಮಾಡ್ತಾಳ ಅನ್ನು. ಸಾಕು." ನೋಡಿ, ಅವಳು ಕೇಳಿದ್ದು ಪೂರ್ತಿ ಅಲ್ಲ. 'ಭಾಭಿನೂ' ಅನ್ನುವಷ್ಟೇ. ಅವನು ತಲೆಯಾಡಿಸಿದ.

ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಚಾಚಿ ಪೆಟ್ಟಿಗೆಯಿಂದ ಹೊಸ ಓಢಣಿ ತೆಗೆದು ಹೊದ್ದಿದ್ದಳು. ಅವನಿಗೆ ಶಾಲು ಹೊದಿಸಿದರು, ಪೇಟ ಸುತ್ತಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಮೈಕು ಹಿಡಿದು ಸೇಠನನ್ನು ನೆನೆದ, ಊರ ಹಿರಿಯರನ್ನು ನೆನೆದ, ಚಾ ಹೋಟೆಲಿನವನನ್ನೂ ನೆನೆದ. ಕೊನೆಗೆ ಕೈಗಳನ್ನು ಮೇಲೆತ್ತಿ, "ಈ ಎರಡು ಕೈ ನೋಡ್ರಿ, ಇವೇ ನನಗ ಅನ್ನ ಹಾಕ್ಯಾವ" ಅಂದ. ಚಪ್ಪಾಳೆಯೋ ಚಪ್ಪಾಳೆ! ಕೈ ಕೆಸರಾದದ್ದು ಒಬ್ಬರದು, ಬಾಯಿ ಮೊಸರಾದದ್ದು ಇನ್ನೊಬ್ಬರದು. ನಾನು ಎದ್ದು ನಿಂತೆ. ಚಾಚಿ ನನ್ನ ಸೀರೆ ಹಿಡಿದು ಜಗ್ಗಿದಳು.

ಮನೆಗೆ ಬಂದು ಕತ್ತರಿಯನ್ನು ಮೊಳೆಗೆ ನೇತುಹಾಕಿದಳು. "ಆ ಎರಡು ಕೈಲೇ ಮಾಡ್ಲಿ ಇನ್ನ" ಅಂದಳು. ಅಷ್ಟೇ. ಮತ್ತೆ ತಗಡು ಮುಟ್ಟಲಿಲ್ಲ. ಅವನಿಗೆ ರೊಟ್ಟಿ ಬಡಿದು ಹಾಕುವುದು ಬಿಡಲಿಲ್ಲ, ಬಟ್ಟೆ ಒಗೆಯುವುದು ಬಿಡಲಿಲ್ಲ, ತಗಡು ಮಾತ್ರ ಇಲ್ಲ. ಬಂದ ಪಾರ್ಸೆಲ್ಲುಗಳನ್ನು ಅವನು ಬಿಚ್ಚದೆ ವಾಪಸು ಕಳಿಸಿದ. ಕೇಳಿದವರಿಗೆ ತನ್ನ ಕಣ್ಣು ಮಂಜಾಗಿದೆ ಅಂದ. ಊರು ಅದಕ್ಕೂ ಅಯ್ಯೋ ಪಾಪ ಅಂದಿತು!

ನನಗೆ ಯಾದಗಿರಿಗೆ ವರ್ಗವಾಯಿತು. ಒಂದು ಮಳೆಗಾಲದಲ್ಲಿ ಚಾಚಿ ಜ್ವರ ಬಂದು ಹೋದಳು. ಸುದ್ದಿ ತಿಳಿದು ನಾನು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಓಣಿಯ ತುದಿಯಲ್ಲಿ ಯಾರೋ ಇನ್ನಾರಿಗೋ ಹೇಳುತ್ತಿದ್ದರು, "ಉಸ್ತಾದ್‌ರ ಭಾಭಿ ತೀರ್ಕೊಂಡಾಳ್ರಿ." ಸತ್ತ ಮೇಲೂ ಅವಳಿಗೆ ಸಿಕ್ಕ ಹೆಸರು ಅದು.

ಮುಂದಿನ ಬೇಸಿಗೆಯಲ್ಲಿ ಮೈದುನ ಊರುಗೋಲು ಊರಿಕೊಂಡು ಯಾದಗಿರಿಯ ನನ್ನ ಮನೆಗೆ ಬಂದ. ಸೇಠನ ಮಗ ಒಂದು ಆಟಿಕೆ ಲಾರಿ ಕಳಿಸಿದ್ದನಂತೆ, ಇಲ್ಲ ಅನ್ನಲಾಗಲಿಲ್ಲವಂತೆ. ಚೀಲದಿಂದ ಚಾಚಿಯ ಕತ್ತರಿ ತೆಗೆದ.

"ಇದು ಕೆಟ್ಟದರೀ ಅಕ್ಕೋರ. ಶಹಾಪುರದಾಗ ಸಿಕ್ಕ ಸಿಕ್ಕವರ ಕಡೆ ಸಾಣಿ ಹಿಡಿಸೀನಿ, ಹರೀವಲ್ದು. ತಗಡು ನಡುವ ಮಡಚಿಕೊಂಡು ಕುಂದರತದ. ಇಲ್ಲಿ ಚಲೋ ಸಾಣಿಯವ ಯಾರರ ಅದಾರೇನು?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸುಮ್ಮಸುಮ್ಮನೆ ಸಾಣೆ ಹಿಡಿಸಿ ಹಿಡಿಸಿ ಆ ಚಂದದ ಅಲಗುಗಳನ್ನು ಸವೆಸಿಬಿಟ್ಟಿದ್ದ. ಒಳಗಿಂದ ಖಾಲಿ ಎಣ್ಣೆ ಡಬ್ಬಿ ತಂದು ಅವನ ಮುಂದೆ ಕುಕ್ಕಿದೆ.

"ಎಡಗೈಲೆ ಹಿಡೀರಿ" ಅಂದೆ.

ಹಿಡಿದ. ಒತ್ತಿದ. ಕತ್ತರಿ ಚರಕ್ಕನೆ ತಗಡು ಹರಿದುಕೊಂಡು ಹೋಯಿತು. ಅವನು ಕತ್ತರಿ ನೋಡಿದ, ತನ್ನ ಎಡಗೈ ನೋಡಿದ. ಆಮೇಲೆ ಕೇಳಿದ:

"ಭಾಭಿ ರೊಡ್ಡಿ ಇದ್ಳೇನ್ರಿ?"

ಒಂದೇ ಸೂರಿನ ಕೆಳಗೆ ಅಷ್ಟು ವರ್ಷ ಅವಳು ಬಡಿಸಿದ್ದು ಉಂಡವನು. ಅವಳ ಕೆಲಸಕ್ಕೆ ಶಾಲು ಹೊದ್ದವನು. ಪರದೆ ಸರಿಸಿ ಒಂದು ದಿನವೂ ಇಣುಕಿ ನೋಡಿರಲಿಲ್ಲ!

"ಈಗರ ಮಂದಿಗೆ ಹೇಳ್ತೀರೇನು?" ಎಂದು ಕೇಳಿದೆ.

ಅವನ ಕಣ್ಣು ತುಂಬಿತ್ತು, ಅದನ್ನು ಇಲ್ಲ ಅನ್ನಲಾರೆ. ಆದರೆ ಹೇಳಿದ್ದು ಇಷ್ಟು: "ಈಗ ಹೇಳಿದ್ರ ಯಾರು ನಂಬ್ತಾರ್ರೀ ಅಕ್ಕೋರ?"

ಕತ್ತರಿ ನನ್ನಲ್ಲೇ ಬಿಟ್ಟು ಹೋದ. ಅವನು ಅಂದದ್ದು ನಿಜ, ಅದೇ ನನ್ನನ್ನು ಸುಡುವುದು. ನಾನು ಹೇಳಿ ನೋಡಿದ್ದೇನೆ. ಶಹಾಪುರದವರು ನಕ್ಕು, ಅಕ್ಕೋರಿಗೆ ಚಾಚಿ ಅಂದರೆ ಬಹಳ ಪ್ರೀತಿ ಅನ್ನುತ್ತಾರೆ. ಚಾಚಿ, ನಿನ್ನ ಮೇಲೂ ಸಿಟ್ಟಿದೆ ನನಗೆ. ಅನ್ನ ಕೊಡು, ಬಟ್ಟೆ ಕೊಡು, ಹೆಸರು ಯಾಕೆ ಕೊಟ್ಟೆ? ನನ್ನ ಸೀರೆ ಯಾಕೆ ಜಗ್ಗಿದೆ ಅವತ್ತು...

ಮೊನ್ನೆ ಕಲಾಯಿಯವನ ಆ ಹೊಗೆ ಕುಡಿದು ಮನೆಗೆ ಬಂದವಳು ಕತ್ತರಿ ತೆಗೆದು ಎಣ್ಣೆ ಹಚ್ಚಿದೆ. ಎಡಗೈಯಲ್ಲಿ ಹಿಡಿದು ಒಂದು ತಗಡು ಕತ್ತರಿಸಲು ನೋಡಿದೆ. ಸೊಟ್ಟಗೆ ಹರಿಯಿತು, ಬೆರಳಿಗೂ ತಾಗಿತು. ಅಲಗು ಸವೆದಿದೆ, ಆದರೂ ಕತ್ತರಿ ಕೆಟ್ಟಿಲ್ಲ. ಅದನ್ನು ಹಿಡಿಯುವ ಕೈ ಶಹಾಪುರದ ಮಣ್ಣಿನಲ್ಲಿದೆ, ಅಂಗಡಿಯ ಬೋರ್ಡಿನ ಮೇಲೆ ಇವತ್ತಿಗೂ ಮೈದುನನ ಹೆಸರೇ ಇದೆ.