ನೆಟ್ಟಗಿದ್ದ ಹಳದಿ ಗೆರೆ

ಗುಡುಗು ಮೇಸ್ತ್ರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವುದು ಅವನನ್ನು ಬಲ್ಲವರ ಮಾತು. ಅದು ಸುಳ್ಳು. ಮೂಗಿನ ತುದಿಯಿಂದ ಇಳಿದು ಬಾಯಿಗೆ ಬರಬೇಕಾದರೂ ಒಂದು ಗಳಿಗೆ ಬೇಕಲ್ಲ, ಇವನಿಗೆ ಅಷ್ಟೂ ಪುರಸೊತ್ತು ಇರಲಿಲ್ಲ. ಆದರೆ ನ್ಯಾಯವಾಗಿ ಹೇಳುವುದಾದರೆ, ಸುಮ್ಮಸುಮ್ಮನೆ ಗುಡುಗುವವನೂ ಅಲ್ಲ. ಮೂವತ್ತೊಂದು ವರ್ಷದಿಂದ ಹಳೆಯ, ಜೋರು ಓಟದ ಕಾರುಗಳ ಅಡಿಯಲ್ಲಿ ನಿಂತು ಸಸ್ಪೆನ್ಶನ್ ಕೆಲಸ ಮಾಡಿದವನು. ಅಷ್ಟು ವರ್ಷ ಕೆಳಗಿನಿಂದ ನೋಡಿದವನಿಗೆ ಮೇಲೆ ಕೂತು ಮಾತಾಡುವವರ ಬಗ್ಗೆ ಸಿಟ್ಟು ಬರದೆ ಇನ್ನೇನು ಬಂದೀತು?

ಅವನ ಸಿಟ್ಟೆಲ್ಲ ಇದ್ದದ್ದು ಒಂದು ಮುಷ್ಟಿಗಾತ್ರದ ವಸ್ತುವಿನ ಸುತ್ತ. ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳು ಕಾರಿನ ಮೈಗೆ ಸೇರುವ ಕಡೆ, ಎರಡು ಕಬ್ಬಿಣಗಳ ನಡುವೆ ಒಂದು ರಬ್ಬರಿನ ಉರುಳೆ ಇರುತ್ತದೆ. ಅದೇ ಬುಷ್. ರಸ್ತೆಯ ಪೆಟ್ಟನ್ನೆಲ್ಲ ತಾನು ತಿಂದು, ಕಾರಿನವರಿಗೆ ಸುಖ ಕೊಟ್ಟು, ಯಾರ ಕಣ್ಣಿಗೂ ಬೀಳದೆ ಸವೆದುಹೋಗುತ್ತದೆ. ಅದನ್ನು ಹಾಕಲು ಒಂದು ಕ್ರಮವಿದೆ. ಹಾಕುವಾಗ ಕಾರು ಲಿಫ್ಟಿನ ಮೇಲೆ, ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿರುತ್ತವೆ. ಆಗ ಬೋಲ್ಟನ್ನು ಬರೀ ಬೆರಳಿನಿಂದ ತಿರುಗಿಸಿ ಬಿಡಬೇಕು. ಆಮೇಲೆ ಕಾರನ್ನು ಇಳಿಸಿ, ನೆಲದ ಗುಂಡಿಯ ಮೇಲೆ ನಾಲ್ಕು ಚಕ್ರದಲ್ಲಿ ನಿಲ್ಲಿಸಿ, ಭಾರ ಬಿದ್ದ ಮೇಲೆ, ಗುಂಡಿಗಿಳಿದು ಪೂರ್ತಿ ಬಿಗಿಯಬೇಕು. ಜೋತಾಡುವಾಗಲೇ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡೇ ಇರುತ್ತದೆ, ಮೂರು ತಿಂಗಳಲ್ಲಿ ಹರಿಯುತ್ತದೆ. ಊರಿನ ಅರ್ಧ ಗ್ಯಾರೇಜುಗಳು ಜೋತಾಡುವಾಗಲೇ ಬಿಗಿಯುತ್ತವೆ. ಹರಿದಾಗ ರಬ್ಬರನ್ನು ಬೈಯುತ್ತವೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಎಂದು ಮೇಸ್ತ್ರಿ ದಿನಕ್ಕೆ ಎರಡು ಬಾರಿಯಾದರೂ ಹೇಳುತ್ತಿದ್ದ.

ಅವನಿಗೆ ಬರೀ ಕಾರಿನ ಭಾರ ಸಾಲುತ್ತಿರಲಿಲ್ಲ, ಓಡಿಸುವವರ ಭಾರವೂ ಬೇಕಿತ್ತು. ಗಿರಾಕಿಯ ಮುಖ ನೋಡಿ ನೇರವಾಗಿ ತೂಕ ಕೇಳುತ್ತಿದ್ದ. ಹೇಳಿದಷ್ಟು ಮರಳನ್ನು ಮೂಟೆ ಕಟ್ಟಿ ಡ್ರೈವರ್ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ, ಆಮೇಲೆ ಗುಂಡಿಗೆ ಇಳಿಯುತ್ತಿದ್ದ. ಒಂದೊಂದು ಬೋಲ್ಟು ಬಿಗಿದ ಕೂಡಲೇ ಹಳದಿ ಬಣ್ಣದಲ್ಲಿ ಒಂದು ಗೆರೆ. ಬೋಲ್ಟಿನ ತಲೆ, ಅದನ್ನು ಹಿಡಿದ ಕಾರಿನ ಮೈಯ ಪಟ್ಟಿ, ಪಕ್ಕದ ತೋಳು, ಮೂರರ ಮೇಲೂ ಒಂದೇ ಎಳೆತ. ಮುಂದೆ ಯಾರಾದರೂ ಬೋಲ್ಟು ಬಿಚ್ಚಿದರೆ ತಲೆಗೂ ಪಟ್ಟಿಗೂ ನಡುವೆ ಗೆರೆ ಮುರಿಯುತ್ತದೆ. ಕಳ್ಳ ಸಿಕ್ಕಿಬೀಳುತ್ತಾನೆ. ಬಿಗಿದವರೇ ಗೆರೆ ಹಾಕಬೇಕು ಎಂಬುದು ಆ ಗ್ಯಾರೇಜಿನ ಕಟ್ಟಳೆ.

ಗ್ಯಾರೇಜಿನಲ್ಲಿ ಇದ್ದವರೇ ಇಬ್ಬರು, ಅವನು ಮತ್ತು ಅವನ ಹೆಂಡತಿ. ಹಳೆಯ ಬುಷ್ಷನ್ನು ಒತ್ತಿ ಹೊರದಬ್ಬಿ ಹೊಸದನ್ನು ಕೂರಿಸುವ ಪ್ರೆಸ್ ಅವಳ ಕೈಯಲ್ಲಿತ್ತು. ಗಿರಾಕಿಗಳು ಅವಳನ್ನು ಪ್ರೆಸ್ಸಮ್ಮ ಎನ್ನುತ್ತಿದ್ದರು. ಹತ್ತು ಟನ್ ಒತ್ತಡವನ್ನು ಎರಡು ಬೆರಳಿನಲ್ಲಿ ಆಡಿಸುವ ಹೆಂಗಸು ಗಂಡನ ಬಾಯಿಯನ್ನು ಮಾತ್ರ ಒಂದು ದಿನವೂ ಒತ್ತಿ ಮುಚ್ಚಲಾರದೆ ಹೋದಳು. "ರೀ, ಬಾಯಿ ಮುಚ್ಚಿ ಕೈ ಆಡಿಸ್ರಿ" ಎನ್ನುವುದನ್ನು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು.

ಅಂಥಾ ಜಾಗಕ್ಕೆ ಒಂದು ಬೆಳಿಗ್ಗೆ ಲೆಕ್ಕದ ಟೀಚರ್ ಬಂದರು. ಐವತ್ತು ದಾಟಿದ ಮೇಡಂ, ಸ್ವಲ್ಪ ಕೆಮ್ಮಿದರೂ ಇಡೀ ತರಗತಿ ತೆಪ್ಪಗಾಗುವಂಥವರು. ಅವರ ಕಾರು ಇಪ್ಪತ್ತೆರಡು ವರ್ಷ ಹಳೆಯದು, ನೀಲಿ, ಎರಡೇ ಬಾಗಿಲು, ಎಂಜಿನ್ ಶುರುವಾದರೆ ಕಿಟಕಿ ಗಾಜು ನಡುಗುತ್ತಿತ್ತು. ಶಾಲೆ ಇದ್ದದ್ದು ಬೆಟ್ಟದ ಮೇಲೆ. ದಿನಾ ಹದಿನಾಲ್ಕು ತಿರುವುಗಳ ರಸ್ತೆ ಹತ್ತಿ ಇಳಿಯುವುದೇ ಅವರ ಬಾಳಿನ ಒಂದೇ ಒಂದು ಪುಂಡಾಟ.

"ಹಿಂದಿನ ಬುಷ್ ನಾಲ್ಕೂ ಹೋಗಿವೆ. ಕೆಂಪು ಪಾಲಿ ಬುಷ್ ಹಾಕಿಸಿ ಅಂತ ಎಲ್ಲರೂ ಹೇಳ್ತಾರೆ ಮೇಸ್ತ್ರಿ" ಎಂದರು ಟೀಚರ್.

"ಎಲ್ಲರೂ ಅಂದ್ರೆ ಯಾರು? ಫೋನಾ?"

ಟೀಚರ್ ಉತ್ತರ ಕೊಡುವ ಮೊದಲೇ ಮೇಸ್ತ್ರಿ ಗೋಡೆಯ ತಂತಿಯಿಂದ ಒಂದು ಕೆಂಪು ಉರುಳೆ ತೆಗೆದು ಮೇಜಿಗೆ ಕುಕ್ಕಿದ. ಅದು ಪಾಲಿ, ರಬ್ಬರಿಗಿಂತ ಗಟ್ಟಿಯಾದ ಪ್ಲಾಸ್ಟಿಕ್ಕಿನಂಥದ್ದು. "ನಿಮ್ಮ ಕಾರಿನ ಹಿಂದಿನ ತೋಳು ಬರೀ ಮೇಲೆ ಕೆಳಗೆ ಆಡಲ್ಲ, ಅಡ್ಡಕ್ಕೂ ಹೊರಳುತ್ತೆ. ಇದು ಒಂದು ಕಡೆ ತಿರುಗುತ್ತೆ, ಇನ್ನೊಂದು ಕಡೆಗೆ ಹಟ ಹಿಡಿಯುತ್ತೆ. ತಿರುವಿನಲ್ಲಿ ಹಟ ಹಿಡಿದ್ರೆ ಗತಿ ಏನು? ರೇಸಿನ ಬಯಲಲ್ಲಿ ಓಡೋ ಕಾರಿಗೆ ಹಾಕ್ಲಿ, ನಾನೇ ಹಾಕಿಕೊಡ್ತೀನಿ. ನೀವು ಪಾಠ ಹೇಳೋಕೆ ಹೋಗೋರು. ಗ್ರೀಸ್ ಒಣಗಿದ ದಿನದಿಂದ ಕಿರ್ರ್ ಅಂತ ಕೂಗುತ್ತೆ, ನಿಮ್ಮ ಶಾಲೆ ಮಕ್ಕಳು ನಗ್ತಾರೆ."

ಅವನು ರಬ್ಬರಿನವೇ ಮೂರು ಬಗೆ ಇಟ್ಟು ತೋರಿಸಿದ. ಒಂದನ್ನು ಉಗುರಿನಿಂದ ಒತ್ತಿ, ಗುರುತು ಹಾಗೇ ಉಳಿದದ್ದನ್ನು ತೋರಿಸಿ ಕಸದ ಡಬ್ಬಕ್ಕೆ ಎಸೆದ. ಇನ್ನೊಂದನ್ನು ಮೂಸಿದ. "ಸುಟ್ಟ ಟೈರಿನ ವಾಸನೆ, ಹಳೇ ರಬ್ಬರು ಕರಗಿಸಿ ಮಾಡಿದ್ದು, ಥೂ." ಮೂರನೆಯದರ ಅಚ್ಚಿನಲ್ಲಿ ತಯಾರಾದ ವರ್ಷವಿತ್ತು, ಒತ್ತಿದರೆ ಮೆಲ್ಲಗೆ ಮೊದಲಿನಂತಾಗುತ್ತಿತ್ತು. "ಇದು. ಕಾರು ಹುಟ್ಟಿದಾಗ ಎಷ್ಟು ಗಟ್ಟಿ ಇತ್ತೋ ಅಷ್ಟೇ. ಒಂದು ಕೂದಲು ಹೆಚ್ಚಿಲ್ಲ, ಕಮ್ಮಿ ಇಲ್ಲ. ಆರು ತರಿಸೋಣ. ಹಳೇ ಕಾರು, ಎರಡು ಕೈಯಲ್ಲಿರ್ಲಿ. ನಿಮ್ಮ ತೂಕ ಎಷ್ಟು?"

ಟೀಚರ್ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಮೂವತ್ತು ವರ್ಷ ಮಕ್ಕಳನ್ನು ಹೆದರಿಸಿದ ನೋಟ ಅದು. ಮೇಸ್ತ್ರಿ ಪೆನ್ಸಿಲ್ ಹಿಡಿದು ಕಾದ.

"ಅರವತ್ತೆಂಟು" ಎಂದರು ಕೊನೆಗೆ. "ಹೊರಗೆ ಯಾರಿಗಾದ್ರೂ ಹೇಳಿದ್ರೆ ನೋಡಿ ಮತ್ತೆ."

ಕೆಲಸ ನಡೆದ ದಿನ ಬಣ್ಣದಂಗಡಿಯವನು ಬಂದ. ಎರಡು ಬೀದಿ ಆಚೆ ಬಿಡಿಭಾಗದ ಅಂಗಡಿ ಅವನದು, ಅಲ್ಲಿ ಕೆಂಪು, ನೇರಳೆ, ಹಸಿರು ಬಳಿಯದ ಒಂದು ಸಾಮಾನೂ ಇರಲಿಲ್ಲ, ಅದಕ್ಕೇ ಆ ಹೆಸರು. ಕಾರು ಲಿಫ್ಟಿನ ಮೇಲಿತ್ತು. ಪ್ರೆಸ್ಸಮ್ಮ ಕೂರಿಸಿಕೊಟ್ಟ ಬುಷ್ಷುಗಳನ್ನು ಮೇಸ್ತ್ರಿ ತೋಳುಗಳ ಜೊತೆ ಸೇರಿಸುತ್ತಿದ್ದ. ಮೂರು ಮುಗಿದಿತ್ತು, ನಾಲ್ಕನೆಯದಕ್ಕೆ ಕೈಹಾಕಿದ್ದ.

"ಏನ್ ಮೇಸ್ತ್ರಿ, ಇನ್ನೂ ರಬ್ಬರಾ? ಅಜ್ಜನ ಚಪ್ಪಲಿ ಇನ್ನೂ ಬಿಟ್ಟಿಲ್ವಾ?"

ತಗೋ, ಶುರುವಾಯಿತು! ಕಾಲು ಗಂಟೆ ಮೇಸ್ತ್ರಿಯ ಬಾಯಿ ನಿಲ್ಲಲಿಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ, ಕೆಂಪಗಿರೋದೆಲ್ಲ ಹಣ್ಣಲ್ಲ ಎಂದ. ಕಾರಿನ ಅಡಿ ನೋಡದವನಿಗೆ ಅಂಗಡಿ ಯಾಕೆ ಎಂದ. ಬಾಯಿ ಒಂದು ಕಡೆ, ಕೈ ಒಂದು ಕಡೆ. ಕೈಗೆ ಮೂವತ್ತೊಂದು ವರ್ಷದ ರೂಢಿ, ಅದು ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇತ್ತು. "ರೀ, ಬಾಯಿ ಮುಚ್ಚಿ ಕೈ ಆಡಿಸ್ರಿ" ಎಂದು ಪ್ರೆಸ್ಸಮ್ಮ ಆ ಕಡೆಯಿಂದ ಕೂಗಿದಳು. ಅದು ಅವನ ಕಿವಿಗೆ ಬೀಳಲಿಲ್ಲ. ಮಧ್ಯಾಹ್ನ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಅರವತ್ತೆಂಟು ಕಿಲೋ ಮರಳು ಕೂರಿಸಿ, ಕೆಳಗಿಳಿದು ಬಿಗಿದ. ಮೇಲೆ ಬಂದಾಗ ನಾಲ್ಕೂ ಬೋಲ್ಟಿನ ಮೇಲೆ ಹಳದಿ ಗೆರೆ ಇತ್ತು. ಟೀಚರ್ ಕಾರು ಹಿಂದಕ್ಕೆ ತಗೊಂಡು, ಒಂದು ಸುತ್ತು ಹೊಡೆದು ಬಂದು, "ಹೊಸದಾಗಿ ಕೊಂಡ ದಿನದ ಹಾಗಿದೆ" ಎಂದರು.

ಮೂರು ತಿಂಗಳು ಕಳೆದಿರಲಿಲ್ಲ. ಹಳೇ ಕಾರುಗಳವರ ಫೋನ್ ಗುಂಪಿನಲ್ಲಿ ಒಂದು ಫೋಟೋ ಬಂತು. ಹರಿದ ಬುಷ್, ಪಕ್ಕದಲ್ಲಿ ಬಣ್ಣದಂಗಡಿಯವನ ಬೆರಳು. ಕೆಳಗೆ ಬರಹ: "ಗುಡುಗು ಮೇಸ್ತ್ರಿಯ ಮೂರು ತಿಂಗಳ ರಬ್ಬರ್. ಗುಡುಗು ಜಾಸ್ತಿ, ಮಳೆ ಇಲ್ಲ." ಬೆಟ್ಟದಿಂದ ಇಳಿಯುವಾಗ ಬ್ರೇಕ್ ಹಾಕಿದರೆ ಟೀಚರ ಕಾರಿನ ಹಿಂಭಾಗ ಬದಿಗೆ ಎಳೆಯುತ್ತಿತ್ತಂತೆ. ಹೆದರಿ ಸಿಕ್ಕಿದ ಮೊದಲ ಅಂಗಡಿಯಲ್ಲಿ ನಿಲ್ಲಿಸಿದ್ದಾರೆ, ಅದು ಅವನದ್ದೇ ಅಂಗಡಿ. ಅವನು ಕಾರನ್ನು ಎತ್ತಿ ನೋಡಿದ್ದಾನೆ.

ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕೆಲಸಕ್ಕೆ? ನನ್ನ ರಬ್ಬರಿಗೆ? ಆ ಬಣ್ಣದ ಡಬ್ಬದವನು ಬೋಲ್ಟು ಬಿಚ್ಚಿ, ಜೋತಾಡುವಾಗಲೇ ಮತ್ತೆ ಬಿಗಿದು ಹರಿಸಿದ್ದಾನೆ, ತಲೆ ಮೇಲೆ ತಲೆ ಬಿದ್ದರೂ ಇದೇ ನಿಜ! ಅವನು ಹೀಗೆ ಕೂಗುತ್ತಿದ್ದರೆ, ಹಿಂದೆ ಮುಂದೆ ನೋಡಿ ಮಾತಾಡಿ ಎಂದು ಹೆಂಡತಿ ಅಂದಳು. ಇದರಲ್ಲಿ ಹಿಂದೇನು ಮುಂದೇನು ಎಂದ.

ಮಾರನೆಯ ಬೆಳಿಗ್ಗೆ ಟೀಚರನ್ನೂ ಬಣ್ಣದಂಗಡಿಯವನನ್ನೂ ಕರೆಸಿದ. ಹಳೇ ಕಾರುಗಳವರು ಐದಾರು ಜನ ಕರೆಯದೆಯೇ ಬಂದು ಬಾಗಿಲಲ್ಲಿ ನಿಂತರು.

"ಎಲ್ಲರೂ ಕೇಳಿಸ್ಕೊಳ್ಳಿ" ಎಂದ ಮೇಸ್ತ್ರಿ. "ಬೋಲ್ಟಿನ ತಲೆಗೂ ಪಟ್ಟಿಗೂ ನಡುವೆ ಗೆರೆ ಮುರಿದಿದ್ರೆ ಇವನು ಬಿಚ್ಚಿದ್ದಾನೆ ಅಂತ ಅರ್ಥ. ಎಲ್ಲರ ಮುಂದೆ ತಪ್ಪಾಯ್ತು ಅನ್ಬೇಕು. ನನ್ನ ಕೈಯದ್ದೇ ತಪ್ಪು ಅಂತಾದ್ರೆ ಈ ಕಾರಿಗೆ ನಾನು ಸ್ಪ್ಯಾನರ್ ಹಚ್ಚಲ್ಲ. ಇಲ್ಲೇ ಕೆಳಗಿಡ್ತೀನಿ."

"ನಾನು ಮುಟ್ಟೇ ಇಲ್ಲ ಮೇಸ್ತ್ರಿ, ಫೋಟೋ ಮಾತ್ರ ತೆಗ್ದೆ" ಎಂದ ಅವನು.

ಕಾರು ಮೇಲೇರಿತು, ಚಕ್ರಗಳು ಜೋತುಬಿದ್ದವು. ಮೇಸ್ತ್ರಿ ದೀಪ ಹಿಡಿದು ಒಂದನೆಯದನ್ನು ನೋಡಿದ. ತಲೆಯಿಂದ ಪಟ್ಟಿಗೆ ಗೆರೆ ನೆಟ್ಟಗಿತ್ತು, ತೋಳಿನ ಮೇಲಿನ ಚೂರು ಮಾತ್ರ ಎರಡು ಬೆರಳು ಕೆಳಗೆ ಸರಿದಿತ್ತು. ಸರಿಯೇ. ಚಕ್ರ ಜೋತುಬಿದ್ದಾಗ ತೋಳೂ ಕೆಳಗೆ ಬರುತ್ತದೆ, ಅದರ ಮೇಲಿನ ಗೆರೆಯೂ ಬರುತ್ತದೆ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ನಾಲ್ಕನೆಯದೇ ಹರಿದ ಬುಷ್. ದೀಪ ಹಿಡಿದ.

ತಲೆ, ಪಟ್ಟಿ, ತೋಳು. ಮೂರರ ಮೇಲೂ ಗೆರೆ ನೂಲು ಹಿಡಿದಂತೆ ನೆಟ್ಟಗಿತ್ತು.

ಬಾಗಿಲಲ್ಲಿದ್ದವರಿಗೆ ಅದು ಗೊತ್ತಾಗಲಿಲ್ಲ. ಮೇಸ್ತ್ರಿಗೆ ಗೊತ್ತಾಯಿತು. ಚಕ್ರ ಜೋತಾಡುವಾಗ ನೆಟ್ಟಗೆ ಕಾಣುವ ಗೆರೆಯನ್ನು ಚಕ್ರ ಜೋತಾಡುವಾಗಲೇ ಎಳೆದಿರಬೇಕು. ಗೆರೆ ಎಳೆದವನೇ ಬಿಗಿದವನು. ಕಾಲು ಗಂಟೆ ಬೈದ ಆ ಹೊತ್ತಿನಲ್ಲಿ ಅವನ ಕೈ ನಾಲ್ಕನೆಯ ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ಬಿಡುವ ಬದಲು ಪೂರ್ತಿ ಬಿಗಿದು, ಕುಂಚವನ್ನೂ ಎಳೆದಿತ್ತು. ಮಧ್ಯಾಹ್ನ ಗುಂಡಿಗಿಳಿದಾಗ ಅಲ್ಲಿ ಹಳದಿ ಬಣ್ಣ ಕಂಡದ್ದೇ, ತೋಳಿನ ಮೇಲಿನ ಚೂರು ಸರಿದದ್ದನ್ನು ಗಮನಿಸದೆ, ಇದು ಆಯಿತು ಎಂದು ಮುಂದಕ್ಕೆ ಹೋಗಿದ್ದ. ಈ ತಪ್ಪಿಗಾಗಿಯೇ ಮೂವತ್ತೊಂದು ವರ್ಷ ಊರನ್ನೆಲ್ಲ ಬೈದಿದ್ದ. ಆ ಕಾರಿನಲ್ಲಿ ಒಂದು ಹೆಂಗಸು ದಿನಾ ಹದಿನಾಲ್ಕು ತಿರುವು ಇಳಿಯುತ್ತಿದ್ದಳು.

"ನೋಡಿದ್ರಾ, ಮುರಿದಿಲ್ಲ" ಎಂದ ಬಣ್ಣದಂಗಡಿಯವನು. ಮೇಸ್ತ್ರಿಯ ಮುಖ ನೋಡಿ ಅವನಿಗೇ ಕರುಣೆ ಬಂತೋ ಏನೋ, ದನಿ ತಗ್ಗಿಸಿದ. "ಹೋಗ್ಲಿ ಬಿಡಿ ಮೇಸ್ತ್ರಿ. ನಿಮ್ಮ ತಪ್ಪಲ್ಲ. ಈಗ ಬರೋ ರಬ್ಬರೇ ಅಂಥದ್ದು, ಸರಕು ಕೆಟ್ಟದ್ದು ಬಂದಿದೆ. ಫೋಟೋ ತೆಗೆದುಹಾಕ್ತೀನಿ. ಪಾಲಿ ಹಾಕೋಣ."

ಹೌದು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಹೆಸರು ಉಳಿಯುತ್ತಿತ್ತು, ಸ್ಪ್ಯಾನರ್ ಕೈಯಲ್ಲೇ ಇರುತ್ತಿತ್ತು. ಬಾಗಿಲಲ್ಲಿದ್ದ ಐದಾರು ತಲೆಗಳು ಆಗಲೇ ಹೌದೌದು ಎಂದು ಆಡುತ್ತಿದ್ದವು.

"ರಬ್ಬರಿಗೆ ಒಂದು ಮಾತು ಅಂದ್ರೆ ನೋಡು!" ಮೇಸ್ತ್ರಿ ಗುಡುಗಿದ ರಭಸಕ್ಕೆ ಟೀಚರೂ ಬೆಚ್ಚಿದರು. "ರಬ್ಬರ್ ಏನಯ್ಯಾ ಮಾಡಿದೆ ನಿನಗೆ? ಅದು ಚಿನ್ನದಂಥ ರಬ್ಬರು! ಮೂರು ತಿಂಗಳು ಹಗಲೂ ರಾತ್ರಿ ಹಿಂಡಿಸ್ಕೊಂಡು ನಿಂತಿದೆ, ಬಾಯಿಲ್ಲದ್ದು. ಇಲ್ಲಿ ನೋಡು, ಗೆರೆ ನೆಟ್ಟಗಿದೆ. ಎತ್ತಿದಾಗ ಇದು ನೆಟ್ಟಗಿರಬಾರದು! ಜೋತಾಡುವಾಗಲೇ ಬಿಗಿದಿರೋದು ಇದು. ಬಿಗಿದೋನು ನಾನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೇ ಕಣಯ್ಯಾ ಅವಳು!"

ಅವನು ಟೀಚರ ಕಡೆ ತಿರುಗಿದ. ದನಿ ಅರ್ಧಕ್ಕಿಳಿದಿತ್ತು. "ತಪ್ಪಾಯ್ತು ಮೇಡಂ. ನಿಮ್ಮ ಜೀವದ ಜೊತೆ ಆಟ ಆಡಿಬಿಟ್ಟೆ. ಬೇರೆ ಕಡೆ ಹಾಕಿಸ್ಕೊಳ್ಳಿ." ಸ್ಪ್ಯಾನರನ್ನು ಮೇಜಿನ ಮೇಲಿಟ್ಟ.

ಟೀಚರ್ ಅವನನ್ನು ಕನ್ನಡಕದ ಮೇಲಿನಿಂದ ನೋಡಿದರು. "ಬೆಟ್ಟದಲ್ಲಿ ನನಗೆಷ್ಟು ಹೆದರಿಕೆ ಆಗಿತ್ತು ಗೊತ್ತಾ ನಿಮಗೆ?" ಎಂದರು. ಮೇಸ್ತ್ರಿ ತಲೆ ಎತ್ತಲಿಲ್ಲ. "ಆರು ತರಿಸಿದ್ರಲ್ಲ. ಎರಡು ಉಳಿದಿವೆ ಅಲ್ವಾ?"

"ಇವೆ" ಎಂದು ಉತ್ತರ ಕೊಟ್ಟವಳು ಪ್ರೆಸ್ಸಮ್ಮ. "ಆದ್ರೆ ಇವರು ಮುಟ್ಟೋ ಹಾಗಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ, ಎಲ್ಲರ ಮುಂದೆ ಮಾತು ಕೊಟ್ಟಿದ್ದಾರೆ." ಮೇಜಿನ ಮೇಲಿನ ಸ್ಪ್ಯಾನರನ್ನು ಎತ್ತಿಕೊಂಡಳು. "ನಾನು ಮಾಡ್ತೀನಿ."

ಅವಳೇ ತೋಳು ಬಿಚ್ಚಿ, ಹರಿದದ್ದನ್ನು ಪ್ರೆಸ್ಸಿನಲ್ಲಿ ಹೊರದಬ್ಬಿ, ಹೊಸದನ್ನು ಕೂರಿಸಿ, ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ಬಿಟ್ಟಳು. ಕಾರು ಗುಂಡಿಯ ಮೇಲೆ ನಿಂತಿತು. ಮೇಸ್ತ್ರಿ ಮರಳಿನ ಮೂಟೆ ಎತ್ತಲು ಹೋದ. "ಬೇಡ" ಎಂದು ಟೀಚರ್ ತಾವೇ ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಂಡರು. ಬಣ್ಣದಂಗಡಿಯವನು ಯಾವಾಗ ಹೋದನೋ ಯಾರೂ ನೋಡಲಿಲ್ಲ.

ಗುಂಡಿಯೊಳಗೆ ಹೆಂಡತಿ ಬಿಗಿದಳು, ಗಂಡ ದೀಪ ಹಿಡಿದ. ಒಂದು ಮಾತಿಲ್ಲ. ಬಿಗಿದು ಮುಗಿದಾಗ ಅವನು ರೂಢಿಯ ಮೇಲೆ ಹಳದಿ ಡಬ್ಬದ ಕಡೆ ಕೈ ಚಾಚಿದ.

"ಗೆರೆ ನಾನು ಹಾಕ್ಲಾ?"

"ಬಿಗಿದವರು ಹಾಕ್ಬೇಕು" ಎಂದಳು.

ಅವನು ಕುಂಚವನ್ನು ಅವಳ ಕೈಗೆ ಕೊಟ್ಟು, ದೀಪವನ್ನು ಇನ್ನಷ್ಟು ಹತ್ತಿರ ಹಿಡಿದ.